ಉಳಿದ ವರ್ಷ ಯಾರದು?

ಹೋದ ತಿಂಗಳು ಒಂದು ಭಾನುವಾರದ ಬೆಳಗ್ಗೆ, ಇನ್ನೂ ನನ್ನ ಎರಡನೆಯ ಕಾಫಿ ಆಗಿರಲಿಲ್ಲ, ಅಮೆರಿಕದ ಮಿನೆಸೋಟ ರಾಜ್ಯದಿಂದ ನನ್ನ ತಂಗಿಯ ಮಗಳು ಫೋನು ಮಾಡಿದಳು. ಅಲ್ಲಿ ಆಗ ಶನಿವಾರದ ರಾತ್ರಿ. ಮಳೆ, ಮಂಡಿನೋವು, ಮಾವಿನಕಾಯಿಯ ಬೆಲೆ ಎಲ್ಲವನ್ನೂ ವಿಚಾರಿಸಿದ ಮೇಲೆ, "ಮಾವ, ಒಂದು ಸಂತೋಷದ ಸಮಾಚಾರ. ನಮ್ಮ ಹುಡುಗನಿಗೆ ಎರಡು ವರ್ಷ ಉಳಿಯುತ್ತೆ" ಎಂದಳು. ಎಪ್ಪತ್ತೆಂಟು ತುಂಬಿದವನ ಕಿವಿಗೆ ಈ ಮಾತು ಬೇರೆ ರೀತಿಯಲ್ಲಿ ಬೀಳುತ್ತದೆ. ಎರಡು ವರ್ಷ ಉಳಿದಿರುವುದು ನನಗೆ ಎಂದರೆ ಒಪ್ಪಿಕೊಳ್ಳಬಹುದು. ಹದಿನಾರು ತುಂಬುತ್ತಿರುವ ಹುಡುಗನಿಗೆ ಎಂದರೇನು?

ಅವಳು ನಕ್ಕು ವಿವರಿಸಿದಳು. ಹುಡುಗ ಹತ್ತನೆಯ ತರಗತಿ ಮುಗಿಸುತ್ತಿದ್ದಾನೆ. ಅಲ್ಲಿ ಹೈಸ್ಕೂಲು ಹನ್ನೆರಡರವರೆಗೆ. ಮುಂದಿನ ಎರಡು ವರ್ಷ ಅವನು ಶಾಲೆಗೆ ಹೋಗುವ ಬದಲು ಊರಿನ ಕಾಲೇಜಿಗೇ ಹೋಗಿ ಪಾಠ ಕೇಳಬಹುದು. ಅಲ್ಲಿ ತೇರ್ಗಡೆಯಾದದ್ದು ಹೈಸ್ಕೂಲಿನ ಲೆಕ್ಕಕ್ಕೂ ಆಯಿತು, ಕಾಲೇಜಿನ ಲೆಕ್ಕಕ್ಕೂ ಆಯಿತು. ಹದಿನೆಂಟಕ್ಕೆ ಹೈಸ್ಕೂಲು ಮುಗಿಯುವ ಹೊತ್ತಿಗೆ ಅರ್ಧ ಡಿಗ್ರಿ ಕೈಯಲ್ಲಿರುತ್ತದೆ. ಕಾಲೇಜಿನ ಫೀಜು, ಪುಸ್ತಕ ಎಲ್ಲ ಸರ್ಕಾರದ ಖರ್ಚು. ಹೋಗುವುದಾದರೆ ಮೇ ತಿಂಗಳ ಕೊನೆಯೊಳಗೆ ಶಾಲೆಗೆ ತಿಳಿಸಬೇಕಂತೆ.

"ಉಳಿದ ಎರಡು ವರ್ಷವನ್ನು ಎಲ್ಲಿ ಇಡುತ್ತೀಯಮ್ಮ?" ಎಂದೆ.

"ನಿಮ್ಮ ಸೊಸೈಟಿ ಬುದ್ಧಿ ಹೋಗಲಿಲ್ಲ ನೋಡಿ, ಮಾವ. ತಮಾಷೆ ಬಿಡಿ. ಕಳಿಸೋದೋ ಬೇಡವೋ, ನೀವು ಹೇಳಿ. ಅಮ್ಮ ಇದ್ದಿದ್ದರೆ ಅಮ್ಮನನ್ನ ಕೇಳುತ್ತಿದ್ದೆ."

ಮುಂದಿನ ಭಾನುವಾರ ಹೇಳುತ್ತೇನೆಂದು ಫೋನು ಇಟ್ಟೆ. ಕಾಫಿ ಆರಿಹೋಗಿತ್ತು.

ಸೊಸೈಟಿ ಬುದ್ಧಿ ಎಂದು ಅವಳು ಹೇಳಿದ್ದಕ್ಕೆ ಕಾರಣವುಂಟು. ಮೈಸೂರಿನ ಒಂದು ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿ, ಕಾರ್ಯದರ್ಶಿಯಾಗಿ ನಿವೃತ್ತನಾದವನು ನಾನು. ಒಂದೇ ಜಮಾ ರಕಮನ್ನು ಎರಡು ಖಾತೆಗೆ ಹತ್ತಿಸಿದ್ದರೆ ನಮ್ಮ ಆಡಿಟರು ಅಂದೇ ನನ್ನನ್ನು ಮನೆಗೆ ಕಳುಹಿಸುತ್ತಿದ್ದರು. ಅಲ್ಲಿ ಒಂದು ರಾಜ್ಯ ಸರ್ಕಾರವೇ ಅದಕ್ಕೆ ಕಾನೂನು ಮಾಡಿದೆ. ರೂಡಿ ಪರ್ಪಿಚ್ ಎಂಬವರು ಗವರ್ನರಾಗಿದ್ದಾಗ, ೧೯೮೫ರಲ್ಲಿ, ಮಿನೆಸೋಟದ ಶಾಸನಸಭೆ ಈ ಏರ್ಪಾಡನ್ನು ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಜಾರಿಗೆ ತಂದಿತು. ಹಾಗೆ ರಾಜ್ಯದುದ್ದಕ್ಕೂ ತಂದವರಲ್ಲಿ ಅವರೇ ಮೊದಲು. ಆಮೇಲೆ ಬೇರೆ ರಾಜ್ಯಗಳೂ ತಮ್ಮ ತಮ್ಮ ರೀತಿಯಲ್ಲಿ ಇದನ್ನು ಕೈಗೊಂಡವು. ಇಂದು ಆ ದೇಶದಲ್ಲಿ ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠ ತೆಗೆದುಕೊಳ್ಳುವ ಮಕ್ಕಳು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು.

ಅವರು ಗಳಿಸುವುದನ್ನು ಅಲ್ಲಿ 'ಕ್ರೆಡಿಟ್' ಎನ್ನುತ್ತಾರೆ. ಒಂದು ವಿಷಯಕ್ಕೆ ಸಾಮಾನ್ಯವಾಗಿ ಮೂರು ಕ್ರೆಡಿಟ್. ನೂರಿಪ್ಪತ್ತು ಸೇರಿದರೆ ಒಂದು ಪದವಿ. ಈ ಕ್ರೆಡಿಟ್ ಎಂಬುದಕ್ಕೆ ನಮ್ಮ ಹಿರಿಯರು ಪತ್ತು ಎಂಬ ಮಾತನ್ನು ಬಳಸಿದರು. ಇಂಗ್ಲಿಷಿನ ಮಾತು ಲ್ಯಾಟಿನ್ ಭಾಷೆಯ 'ನಂಬು' ಎಂಬ ಧಾತುವಿನಿಂದ ಬಂದದ್ದು. ನಮ್ಮದರ ಅರ್ಥವೂ ಅದೇ: ಅಂಗಡಿಯಲ್ಲಿ ಅವನಿಗೆ ಪತ್ತಿದೆ ಎಂದರೆ ಅವನ ಹತ್ತಿರ ಹಣವಿದೆ ಎಂದಲ್ಲ, ಅವನನ್ನು ನಂಬಿ ಪದಾರ್ಥ ಕೊಡುವವರಿದ್ದಾರೆ ಎಂದು. ಮೂವತ್ತೆಂಟು ವರ್ಷ ಈ ಮಾತಿನ ಬೋರ್ಡಿನ ಕೆಳಗೆ ಕುಳಿತು ಕೆಲಸ ಮಾಡಿದ ನನಗೆ ವಿದ್ಯೆಗೂ ಪತ್ತು ಎಂಬ ಲೆಕ್ಕ ಹೇಗೆ ಬಂತೆಂಬ ಕುತೂಹಲ ಹುಟ್ಟಿತು. ವಾರವೆಲ್ಲ ಅದನ್ನೇ ಹುಡುಕಿ ಓದಿದೆ.

ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಸ್ಥಾಪಿಸಿದ್ದು ೧೯೦೫ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಒಂದು ಕೋಟಿ ಡಾಲರ್ ದಾನ ಮಾಡಿದ. ದಾನ ಯಾತಕ್ಕೆ? ಮುದಿ ಪ್ರೊಫೆಸರುಗಳಿಗೆ ಪೆನ್ಷನ್ ಕೊಡುವುದಕ್ಕೆ. ಆದರೆ ಯಾವ ಕಾಲೇಜಿನ ಪ್ರೊಫೆಸರಿಗೆ? ಕಾಲೇಜು ಎಂದು ಬೋರ್ಡು ಹಾಕಿಕೊಂಡ ಶಾಲೆಗಳು ಅಲ್ಲಿ ಬೇಕಾದಷ್ಟಿದ್ದವು. ಆದ್ದರಿಂದ ಕಾರ್ನೆಗಿಯ ಸಂಸ್ಥೆಯವರು ಒಂದು ಅಳತೆ ಮಾಡಿದರು. ಒಂದು ವಿಷಯವನ್ನು ವರ್ಷದಲ್ಲಿ ನೂರಿಪ್ಪತ್ತು ಗಂಟೆ ಕಾಲ ಕಲಿತರೆ ಒಂದು ಯೂನಿಟ್. ಹೈಸ್ಕೂಲಿನಲ್ಲಿ ಅಂಥ ಹದಿನಾಲ್ಕು ಯೂನಿಟ್ ಮುಗಿಸಿ ಬಂದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು. ಅಂಥ ಕಾಲೇಜಿಗೆ ಪೆನ್ಷನ್. ಪೆನ್ಷನ್ ಆಸೆಗೆ ದೇಶದ ಕಾಲೇಜುಗಳೆಲ್ಲ ಆ ಅಳತೆಗೋಲಿಗೆ ತಲೆಬಾಗಿದವು. ಪೆನ್ಷನ್ನಿನ ಮಹಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೂ, ಹುಡುಗನಿಗೆ ಎಷ್ಟು ಬಂತು ಎಂಬುದನ್ನು ಅಳೆಯದೆ ಅವನು ಎಷ್ಟು ಹೊತ್ತು ಬೆಂಚಿನ ಮೇಲೆ ಕುಳಿತಿದ್ದ ಎಂಬುದನ್ನು ಅಳೆಯುವ ಪದ್ಧತಿ, ಮುದುಕರ ಪೆನ್ಷನ್ನಿಗಾಗಿ ಮಾಡಿದ ಅಳತೆಯಿಂದ ಬೇರೂರಿತು ಎಂಬುದು ಸ್ವಾರಸ್ಯದ ಸಂಗತಿ.

ಗಂಟೆಯ ಲೆಕ್ಕದಲ್ಲಿ ವಿದ್ಯೆಯನ್ನು ಅಳೆದ ಮೇಲೆ, ಗಂಟೆಯನ್ನು ಉಳಿಸಬಹುದೆಂಬ ಯೋಚನೆ ತಾನಾಗಿಯೇ ಬರತಕ್ಕದ್ದು. ಅದು ಬಂದ ಸಂದರ್ಭ ಮಾತ್ರ ನನ್ನನ್ನು ಬೆಚ್ಚಿಸಿತು. ೧೯೫೧ರಲ್ಲಿ ಫೋರ್ಡ್ ಪ್ರತಿಷ್ಠಾನದ ಹಣದಿಂದ ಷಿಕಾಗೋ, ಕೊಲಂಬಿಯ, ಯೇಲ್, ವಿಸ್ಕಾನ್ಸಿನ್ ಮುಂತಾದ ವಿಶ್ವವಿದ್ಯಾಲಯಗಳು ಹೈಸ್ಕೂಲು ಮುಗಿಯದ ಹುಡುಗರನ್ನು ಸ್ಕಾಲರ್ಷಿಪ್ ಕೊಟ್ಟು ಸೇರಿಸಿಕೊಂಡವು. ಆಗ ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ವಯಸ್ಸಿಗೆ ಬಂದ ಹುಡುಗರನ್ನು ಸೈನ್ಯಕ್ಕೆ ಕರೆಯುತ್ತಿದ್ದರು. ಕರೆ ಬರುವುದರೊಳಗೆ ಎರಡು ವರ್ಷದ ಕಾಲೇಜಾದರೂ ಆಗಲಿ ಎಂಬುದು ಆ ಏರ್ಪಾಡಿನ ಉದ್ದೇಶಗಳಲ್ಲಿ ಒಂದು. ಅಂದರೆ ಹುಡುಗ ಆತುರದಿಂದ ಓದಿ ಎರಡು ವರ್ಷ ಉಳಿಸಿದ; ಉಳಿಸಿದ್ದನ್ನು ಸೈನ್ಯ ತೆಗೆದುಕೊಂಡಿತು. ನನ್ನ ಸೊಸೆಗೆ ನಾನು ಹಾಸ್ಯಕ್ಕೆ ಕೇಳಿದ ಪ್ರಶ್ನೆಗೆ ಅಲ್ಲಿ ಅಷ್ಟು ಸ್ಪಷ್ಟವಾದ ಉತ್ತರವಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಹಾಗೆಂದು ಆ ಕಾಲದ ಯೋಚನೆಯೆಲ್ಲ ಯುದ್ಧದ ಯೋಚನೆಯೇ ಆಗಿರಲಿಲ್ಲ. ಸುಮಾರು ಅದೇ ವೇಳೆಗೆ ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಮೂರು ದೊಡ್ಡ ಶಾಲೆಗಳ ಉಪಾಧ್ಯಾಯರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ನಿನ ಅಧ್ಯಾಪಕರೊಡನೆ ಕುಳಿತು ಒಂದು ವಿಷಯ ಪರಿಶೀಲಿಸಿದರು. ತಮ್ಮ ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗರು ಕಾಲೇಜಿಗೆ ಹೋಗಿ ಕಲಿತದ್ದನ್ನೇ ಮತ್ತೆ ಕಲಿಯುತ್ತಿದ್ದಾರೆ, ಬೇಸತ್ತು ಕೆಡುತ್ತಿದ್ದಾರೆ ಎಂಬುದು ಅವರ ದೂರು. ೧೯೫೨ರಲ್ಲಿ ಅವರ ವರದಿ ಬಂತು. ಆ ಯೋಚನೆಗಳಿಂದ ಬೆಳೆದದ್ದು 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಎಂಬ ಪರೀಕ್ಷೆ. ೧೯೫೬ರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಅದನ್ನು ನಡೆಸಿದಾಗ ೧೦೪ ಶಾಲೆಗಳಿಂದ ೧,೨೨೯ ಮಂದಿ ಕುಳಿತಿದ್ದರು. ಈಗ ಪ್ರತಿ ಮೇ ತಿಂಗಳಲ್ಲಿ ಲಕ್ಷಗಟ್ಟಲೆ ಮಂದಿ ಕೂಡುತ್ತಾರೆ. ಒಂದರಿಂದ ಐದರವರೆಗೆ ಅಂಕ. ಮೂರೋ ನಾಲ್ಕೋ ಐದೋ ಬಂದರೆ, ಒಪ್ಪುವ ಕಾಲೇಜು ಕ್ರೆಡಿಟ್ ಕೊಡುತ್ತದೆ.

ಈ ಮೂರು ಶಾಲೆಯವರ ದೂರು ನ್ಯಾಯವಾದದ್ದು ಎಂದೇ ನನಗೆ ತೋರುತ್ತದೆ. ಬಲ್ಲವನನ್ನು ಬರದವನ ಹಾಗೆ ಕೂಡಿಸಿ ಮತ್ತೆ ಅದನ್ನೇ ಒಪ್ಪಿಸೆನ್ನುವುದು ಒಂದು ಬಗೆಯ ಶಿಕ್ಷೆ. ಮಕ್ಕಳನ್ನು ಅವಸರಪಡಿಸಬಾರದು, ಬಾಲ್ಯ ಮತ್ತೆ ಬಾರದು ಎಂದು ಕೆಲವರು ಕಣ್ಣು ಒದ್ದೆಮಾಡಿಕೊಂಡು ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಹೇಳುವವರು ಹೆಚ್ಚಾಗಿ ಸುಖವಾದ ಬಾಲ್ಯ ಕಂಡವರು. ಹಸಿದವನಿಗೆ ನಿಧಾನವಾಗಿ ಉಣ್ಣು ಎಂಬ ಉಪದೇಶ ಹಿಡಿಸುವುದಿಲ್ಲ. ಅದು ಅನ್ನದ ಹಸಿವಾದರೂ ಸರಿ, ಲೆಕ್ಕದ ಹಸಿವಾದರೂ ಸರಿ.

ಆದರೆ ಆಂಡೋವರು, ಎಕ್ಸೆಟರುಗಳು ಸಿರಿವಂತರ ಶಾಲೆಗಳು. ಅಲ್ಲಿಯ ಹುಡುಗನಿಗೆ ಪತ್ತು ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಅವನ ಅಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು. ಆಸ್ತಿ ಇದ್ದವನಿಗೆ ಸಾಲ ಕೊಡುವುದಕ್ಕೆ ಸಹಕಾರ ಸಂಘ ಬೇಕಾಗಿಲ್ಲ, ಯಾವ ಬ್ಯಾಂಕೂ ಕರೆದು ಕೊಡುತ್ತದೆ. ಪತ್ತಿನ ಪರೀಕ್ಷೆ ಆಗುವುದು ಜಾಮೀನಿಲ್ಲದವನು ಮೆಟ್ಟಿಲು ಹತ್ತಿ ಬಂದಾಗ. ಅಮೆರಿಕದಲ್ಲಿ ಅಂಥ ಪರೀಕ್ಷೆ ನಡೆದ ಎರಡು ಸಂದರ್ಭಗಳು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿವೆ.

ಒಂದು, ನ್ಯೂಯಾರ್ಕಿನ ಲಾಗಾರ್ಡಿಯ ಕಮ್ಯುನಿಟಿ ಕಾಲೇಜಿನದು. ಅಲ್ಲಿ ಜಾನೆಟ್ ಲೀಬರ್ಮನ್ ಎಂಬ ಅಧ್ಯಾಪಕಿಯ ಯೋಜನೆಯಂತೆ ೧೯೭೪ರಲ್ಲಿ ಕಾಲೇಜಿನ ಆವರಣದೊಳಗೇ ಒಂದು ಹೈಸ್ಕೂಲು ತೆರೆದರು. ಯಾರಿಗೆ? ಜಾಣರಿಗಲ್ಲ. ನಾಳೆಯೋ ನಾಡಿದ್ದೋ ಶಾಲೆ ಬಿಟ್ಟುಬಿಡುವರೆಂದು ತೋರುತ್ತಿದ್ದ ಮಕ್ಕಳಿಗೆ. ಶಾಲೆಯೇ ಒಗ್ಗದ ಹುಡುಗನನ್ನು ಕಾಲೇಜಿಗೆ ಕರೆದುಕೊಳ್ಳುವುದು ಎಂಥ ತರ್ಕ ಎಂದು ನಮಗೆ ತೋರಬಹುದು. ಆ ಅಮ್ಮನ ತರ್ಕ ಬೇರೆ. ತನ್ನನ್ನು ಯಾರೂ ದೊಡ್ಡವನೆಂದು ಎಣಿಸುವುದಿಲ್ಲ ಎಂದು ಮುನಿದವನನ್ನು ದೊಡ್ಡವರ ನಡುವೆ ಕೂಡಿಸಿ ನೋಡೋಣ ಎಂಬುದು. ಇಲ್ಲಿ ವರ್ಷ ಉಳಿಸುವ ಮಾತೇ ಇಲ್ಲ; ಹುಡುಗ ಉಳಿದರೆ ಸಾಕಾಗಿತ್ತು. ಆ ಮಾದರಿಯಲ್ಲಿ ಆಮೇಲೆ ಬೇರೆ ಕಡೆಯೂ ಶಾಲೆಗಳು ಹುಟ್ಟಿದವು.

ಎರಡನೆಯದು ಲಾಸ್ ಏಂಜಲೀಸ್ ನಗರದ ಪೂರ್ವಭಾಗದ ಗಾರ್ಫೀಲ್ಡ್ ಹೈಸ್ಕೂಲಿನದು. ಅಲ್ಲಿಯ ಮಕ್ಕಳು ಬಹುಪಾಲು ಮೆಕ್ಸಿಕೋ ಮೂಲದ ಬಡಕುಟುಂಬದವರು. ಮೇಷ್ಟರು ಹೈಮೆ ಎಸ್ಕಲಾಂಟೆ. ಬೊಲಿವಿಯ ದೇಶದಲ್ಲಿ ವರ್ಷಗಟ್ಟಲೆ ಭೌತವಿಜ್ಞಾನ, ಗಣಿತ ಕಲಿಸಿದ್ದವರು, ಅಮೆರಿಕಕ್ಕೆ ಬಂದರೆ ಅವರ ಪದವಿ ಅಲ್ಲಿ ಚಲಾವಣೆಯಾಗಲಿಲ್ಲ. ಹೋಟೆಲಿನಲ್ಲಿ ನೆಲ ಒರೆಸುತ್ತ, ಇಂಗ್ಲಿಷ್ ಕಲಿಯುತ್ತ, ಬಲ್ಲ ಪಾಠವನ್ನೇ ಮತ್ತೆ ಓದಿ ಹೊಸದಾಗಿ ಪದವಿ ಪಡೆದು ಮೇಷ್ಟರಾದರು. ಕಲಿತದ್ದಕ್ಕೆ ಪತ್ತು ಸಿಗದಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ೧೯೮೨ರಲ್ಲಿ ಅವರ ಹದಿನೆಂಟು ಮಂದಿ ಶಿಷ್ಯರು ಕಾಲೇಜಿನ ಮಟ್ಟದ ಕಲನಶಾಸ್ತ್ರದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗೆ ಕುಳಿತರು. ಹದಿನೆಂಟು ಮಂದಿಯೂ ತೇರ್ಗಡೆಯಾದರು.

ಪರೀಕ್ಷಾಸಂಸ್ಥೆಗೆ ನಂಬಿಕೆ ಬರಲಿಲ್ಲ. ಹದಿನಾಲ್ಕು ಮಂದಿಯ ಉತ್ತರಗಳಲ್ಲಿ ಒಂದೇ ತರಹದ ತಪ್ಪುಗಳಿವೆ, ನಕಲಿನ ಸಂಶಯವಿದೆ ಎಂದರು. ಮತ್ತೆ ಕುಳಿತು ಬರೆಯಿರಿ, ಇಲ್ಲವಾದರೆ ಫಲಿತಾಂಶ ರದ್ದು ಎಂದರು. ಹನ್ನೆರಡು ಮಂದಿ ಬೇಸಗೆಯ ಕೊನೆಯಲ್ಲಿ ಮತ್ತೆ ಬರೆದರು. ಹನ್ನೆರಡು ಮಂದಿಯೂ ಮತ್ತೆ ತೇರ್ಗಡೆಯಾದರು. ೧೯೮೮ರಲ್ಲಿ ಈ ಕಥೆ 'ಸ್ಟ್ಯಾಂಡ್ ಅಂಡ್ ಡೆಲಿವರ್' ಎಂಬ ಸಿನಿಮಾ ಆಯಿತು. ಸಂಸ್ಥೆಯವರ ಪರವಾಗಿ ಹೇಳಬಹುದಾದ್ದೂ ಇದೆ: ಒಂದೇ ತಪ್ಪು ಹಲವು ಕಾಗದದಲ್ಲಿ ಕಂಡರೆ ಆಡಿಟರು ಕೇಳಲೇಬೇಕು. ನಾನೂ ಕೇಳಿದ್ದೇನೆ. ಆದರೆ ಅದೇ ತಪ್ಪು ಎಕ್ಸೆಟರಿನ ಕಾಗದಗಳಲ್ಲಿ ಕಂಡಿದ್ದರೆ, 'ಒಬ್ಬರೇ ಮೇಷ್ಟರು ಕಲಿಸಿದ್ದಾರೆ, ಹಾಗಾಗಿರಬೇಕು' ಎಂದು ಮುಂದಕ್ಕೆ ಹೋಗುತ್ತಿದ್ದರೋ ಏನೋ ಎಂಬ ಸಂದೇಹ ನನ್ನನ್ನು ಬಿಡುವುದಿಲ್ಲ. ಸೊಸೈಟಿಯಲ್ಲಿ ಒಬ್ಬ ಗಾಡಿಯವನು ವಾಯಿದೆಗೆ ಮುಂಚೆಯೇ ಸಾಲದ ಕಂತು ಪೂರ ಕಟ್ಟಲು ಬಂದಾಗ, 'ಇವನಿಗೆ ಇಷ್ಟು ಹಣ ಎಲ್ಲಿಂದ ಬಂತು?' ಎಂದು ನಾನು ಮನಸ್ಸಿನಲ್ಲೇ ಕೇಳಿಕೊಂಡದ್ದುಂಟು. ವಕೀಲರೊಬ್ಬರು ಹಾಗೆ ಕಟ್ಟಿದಾಗ ಕೇಳಿಕೊಳ್ಳಲಿಲ್ಲ. ಇದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಇನ್ನೊಂದು ಪಕ್ಕವನ್ನೂ ನೋಡಬೇಕು. ಪತ್ತು ಎಂದಮೇಲೆ ಅದು ಪೇರಿಸುವ ಪದಾರ್ಥವಾಗುವುದಕ್ಕೆ ತಡವಾಗುವುದಿಲ್ಲ. ಪಕ್ಕದ ಮನೆಯ ಹುಡುಗ ಆರು ಪರೀಕ್ಷೆ ಬರೆದನೆಂದು ನಮ್ಮವನು ಎಂಟು ಬರೆಯಬೇಕು. ಆಗ ಅದು ವಿದ್ಯೆಯೂ ಅಲ್ಲ, ಉಳಿತಾಯವೂ ಅಲ್ಲ, ಒಡವೆ. ದೊಡ್ಡ ಕಾಲೇಜಿನ ಬಾಗಿಲಲ್ಲಿ ನಿಂತಾಗ ಮೈಮೇಲೆ ಹೊಳೆಯಲಿ ಎಂದು ಹೇರಿಕೊಳ್ಳುವ ಒಡವೆ. ಇದರಿಂದ ಬೇಸತ್ತು ವಾಷಿಂಗ್ಟನ್ ಪ್ರದೇಶದ ಎಂಟು ಖಾಸಗಿ ಶಾಲೆಗಳು ೨೦೧೮ರಲ್ಲಿ ಒಟ್ಟಾಗಿ, ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪಾಠಗಳನ್ನು ನಿಲ್ಲಿಸುವುದಾಗಿ ಹೇಳಿದವು. ಡಾರ್ಟ್ಮತ್ ಕಾಲೇಜು ೨೦೧೩ರಲ್ಲೇ, ಮುಂದೆ ಈ ಪರೀಕ್ಷೆಗೆ ಪದವಿಯ ಲೆಕ್ಕದಲ್ಲಿ ಕ್ರೆಡಿಟ್ ಕೊಡುವುದಿಲ್ಲವೆಂದು ಪ್ರಕಟಿಸಿತು. ಒಂದು ಕಡೆ ಕೊಟ್ಟ ಹುಂಡಿ ಇನ್ನೊಂದು ಕಡೆ ನಡೆಯುವುದಿಲ್ಲ. ಹದಿನೇಳರ ಹುಡುಗಿಗೆ 'ಇದು ಕಾಲೇಜು' ಎಂದು ಹೇಳಿ ಕಲಿಸಿ, ಅವಳು ಮುಂದಿನ ಊರಿಗೆ ಹೋದಾಗ 'ಇದು ಕಾಲೇಜಲ್ಲ' ಎನ್ನಿಸಿಕೊಂಡರೆ, ಮಾತು ತಪ್ಪಿದವರು ಯಾರು? ಹೆಸರು ಕಾಲೇಜಿನದು, ಪಾಠ ಹೈಸ್ಕೂಲಿನದು ಆಗಿದ್ದರೆ, ನಷ್ಟವಾಗುವುದು ನಂಬಿದವಳಿಗೇ ಹೊರತು ಹೆಸರು ಬರೆದವರಿಗಲ್ಲ.

ಸಿರಿವಂತ ಶಾಲೆಗಳು ಒಡವೆ ಬೇಡವೆಂದು ತೆಗೆದಿಡುವುದು ಸುಲಭ. ಅವುಗಳ ಹೆಸರೇ ಜಾಮೀನು. ಬಡವರ ಹುಡುಗಿಗೆ ಒಂದು ವರ್ಷ ಮುಂಚೆ ಮುಗಿಯುವುದೆಂದರೆ ಒಂದು ವರ್ಷದ ಫೀಜು ಇಲ್ಲ, ಒಂದು ವರ್ಷದ ಸಾಲ ಇಲ್ಲ, ಒಂದು ವರ್ಷ ಮುಂಚೆ ಸಂಬಳ. ಅವಳಿಗೆ ಹೋಗಿ ವೈರಾಗ್ಯ ಬೋಧಿಸುವುದು ಸಭ್ಯತೆಯಲ್ಲ.

ನಮ್ಮಲ್ಲಿಯೂ ಈ ಲೆಕ್ಕ ಬಂದಾಗಿದೆ. ೨೦೨೧ರಲ್ಲಿ ಕೇಂದ್ರದವರು ವಿದ್ಯಾರ್ಥಿಗಳಿಗಾಗಿ ಕ್ರೆಡಿಟ್ ಬ್ಯಾಂಕ್ ಒಂದನ್ನು ತೆರೆದರು. ೨೦೨೩ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಶಾಲೆಯ ಮಕ್ಕಳನ್ನೂ ಸೇರಿಸಿ, ಮೂವತ್ತು ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಎಂದು ಗೊತ್ತುಮಾಡಿದರು. ನಮ್ಮ ರಾಜ್ಯದಲ್ಲಿ ೨೦೨೧ರಲ್ಲಿ ಪದವಿಗೆ ನಾಲ್ಕು ವರ್ಷದ ಏರ್ಪಾಡು ಮಾಡಿ ೨೦೨೪ರಲ್ಲಿ ಮತ್ತೆ ಮೂರಕ್ಕೆ ಬಂದರು. ಸರ್ಕಾರಗಳು ವರ್ಷವನ್ನು ಕೂಡಿಸುತ್ತವೆ, ಕಳೆಯುತ್ತವೆ. ಆದರೆ ವರ್ಷ ಉಳಿಸುವ ಕಲೆಯನ್ನು ನಾವು ಯಾವ ಚೌಕಟ್ಟಿನಿಂದಲೂ ಕಲಿಯಬೇಕಾಗಿಲ್ಲ. ಶಾಲೆಗೆ ಸೇರಿಸುವ ದಿನ ಹುಟ್ಟಿದ ತಾರೀಖನ್ನು ಮೇಷ್ಟರ ಕೈಲಿ ಹಿಂದಕ್ಕೋ ಮುಂದಕ್ಕೋ ಹಾಕಿಸದ ಅಪ್ಪಂದಿರು ನಮ್ಮ ಕಾಲದಲ್ಲಿ ಎಷ್ಟು ಮಂದಿ? ಇನ್ನು ಡಬಲ್ ಪ್ರೊಮೋಷನ್ ಇತ್ತು.

ಅದು ನನಗೇ ಆಗಿತ್ತು. ಮೂರನೆಯ ಕ್ಲಾಸಿನಿಂದ ಎತ್ತಿ ಐದನೆಯದಕ್ಕೆ ಕೂಡಿಸಿದರು. ಊರವರೆಲ್ಲ ಹೊಗಳಿದರು, ಅಮ್ಮ ದೃಷ್ಟಿ ತೆಗೆದಳು. ನಾಲ್ಕನೆಯ ಕ್ಲಾಸಿನಲ್ಲಿ ಭಿನ್ನರಾಶಿ ಕಲಿಸುತ್ತಿದ್ದರು. ಅದು ನನಗೆ ತಪ್ಪಿತು. ಸೊಸೈಟಿಯ ಕಾರ್ಯದರ್ಶಿಯಾದ ಮೇಲೂ ಆರೂಕಾಲು ಪರ್ಸೆಂಟಿನ ಬಡ್ಡಿಯನ್ನು ಒಬ್ಬನೇ ಕುಳಿತು ಎರಡು ಸಲ ತಾಳೆ ನೋಡುತ್ತಿದ್ದೆ. ಇದು ಇಷ್ಟು ವರ್ಷದ ಮೇಲೆ ಮೊದಲ ಸಲ ಹೊರಗೆ ಹೇಳುತ್ತಿದ್ದೇನೆ.

ಹಾಗೆ ಉಳಿದ ವರ್ಷ ಎಲ್ಲಿಗೆ ಹೋಯಿತು ಎಂಬುದು ನನಗೆ ಖಂಡಿತವಾಗಿ ಗೊತ್ತು. ೧೯೬೨ರಲ್ಲಿ ನನ್ನ ಎಸ್.ಎಸ್.ಎಲ್.ಸಿ. ಮುಗಿಯಿತು. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಂದೆ ಆ ಬೇಸಗೆಯಲ್ಲಿ ಹಾಸಿಗೆ ಹಿಡಿದರು. ತಂಗಿ ಹೈಸ್ಕೂಲಿನಲ್ಲಿದ್ದಳು. ಅವಳನ್ನು ಬಿಡಿಸಿಬಿಡುವುದೆಂದು ಮನೆಯಲ್ಲಿ ಮಾತಾಗಿತ್ತು. ಹುಡುಗಿಗೆ ಇಷ್ಟು ಸಾಕು ಎಂದು ಹೇಳುವುದಕ್ಕೆ ನೆಂಟರು ಯಾವಾಗಲೂ ಸಿದ್ಧರಿರುತ್ತಾರೆ. ನಾನು ಜೂನ್ ತಿಂಗಳಲ್ಲಿ ಸೊಸೈಟಿಗೆ ಸೇರಿದೆ, ತಿಂಗಳಿಗೆ ನಲವತ್ತೈದು ರೂಪಾಯಿ. ಅವಳು ಶಾಲೆ ಬಿಡಲಿಲ್ಲ. ಮುಂದೆ ಟ್ರೈನಿಂಗ್ ಆಗಿ ಮೇಷ್ಟರಮ್ಮನಾದಳು, ಮಗಳನ್ನು ಎಂಜಿನಿಯರಿಂಗ್ ಓದಿಸಿದಳು. ಆ ಮಗಳೇ ಈಗ ಮಿನೆಸೋಟದಿಂದ ಫೋನು ಮಾಡಿದವಳು. ನನಗೆ ನಾಲ್ಕನೆಯ ಕ್ಲಾಸು ಆಗಿದ್ದರೆ ಆ ಜೂನಿನಲ್ಲಿ ನಾನಿನ್ನೂ ಹೈಸ್ಕೂಲಿನ ಬೆಂಚಿನ ಮೇಲೆ ಇರುತ್ತಿದ್ದೆ. ಇದನ್ನು ತಂಗಿಗೆ ನಾನು ಹೇಳಲಿಲ್ಲ. ಕೊಟ್ಟದ್ದನ್ನು ಹೇಳಿದರೆ ಅದು ಸಾಲದ ಖಾತೆಗೆ ಹೋಗುತ್ತದೆ, ಪಡೆದವರು ಸುಸ್ತಿದಾರರಾಗುತ್ತಾರೆ. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಳು. ಈಗ ಹೇಳಿದರೆ ತಪ್ಪಿಲ್ಲವೆಂದುಕೊಂಡು ಬರೆದಿದ್ದೇನೆ.

ಇಷ್ಟೆಲ್ಲ ಯೋಚಿಸಿದಾಗ ನನಗೆ ತೋರಿದ್ದು, ಕಾಲವನ್ನು ಯಾರೂ ಉಳಿಸಿ ಇಡಲಾರರು ಎಂಬುದು. ಉಳಿಸಿದೆವೆಂದು ನಾವು ಹೇಳುವಾಗೆಲ್ಲ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟಿರುತ್ತೇವೆ. ಸೈನ್ಯಕ್ಕೋ, ಕಂಪನಿಗೋ, ಮನೆಗೋ. ಕೊಡುವುದರಲ್ಲಿ ತಪ್ಪೇನೂ ಇಲ್ಲ. ನನ್ನ ವರ್ಷ ಹೋದ ಕಡೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಎಂಟು ವರ್ಷದ ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳುವ ವಯಸ್ಸೂ ಅಲ್ಲ. ಹದಿನಾರು ಕೇಳಬಹುದಾದ ವಯಸ್ಸು. ಆದರೂ ಹದಿನಾರರವನು ಕೊಡುವುದು ಇಪ್ಪತ್ತರವನ ವರ್ಷವನ್ನು. ಆ ಇಪ್ಪತ್ತರವನು ಇನ್ನೂ ಬಂದಿಲ್ಲ, ಅವನನ್ನು ಕೇಳುವಂತಿಲ್ಲ. ಇಲ್ಲಿ ನನ್ನ ಯೋಚನೆ ಸಿಕ್ಕಿಹಾಕಿಕೊಂಡಿತು. ತಂದೆತಾಯಿಗಳು ಮಕ್ಕಳಿಗಾಗಿ ಮಾಡುವ ನಿರ್ಧಾರವೆಲ್ಲ ಹೀಗೆಯೇ ಅಲ್ಲವೆ? ಬೇಡವೆಂದು ನಿರ್ಧರಿಸಿದರೂ ಅವನ ಪರವಾಗಿಯೇ ನಿರ್ಧರಿಸಿದಂತೆ. ಬಿಡಿಸಿಕೊಳ್ಳುವ ದಾರಿ ನನಗೆ ಕಾಣಲಿಲ್ಲ.

ಮುಂದಿನ ಭಾನುವಾರ ಫೋನು ಬಂತು. "ಹುಡುಗನನ್ನು ಕೇಳಿದಿರಾ?" ಎಂದೆ.

"ಕೇಳಿದೆವು, ಮಾವ. ತಾತ ಏನಂತಾರೆ ಅಂತ ಕೇಳ್ತಾನೆ."

ಅವನಿಗೇ ಫೋನು ಕೊಡು ಎಂದೆ. ಅವನ ಕನ್ನಡ ಮೆಲ್ಲಗೆ ನಡೆಯುತ್ತದೆ, ಆದರೆ ಎಡವುವುದಿಲ್ಲ. ಶಾಲೆಯಲ್ಲಿ ಲೆಕ್ಕ ಅವನಿಗೆ ಬೇಸರವಾಗಿದೆಯಂತೆ, ಹೇಳಿಕೊಡಲು ಹೊಸದೇನೂ ಉಳಿದಿಲ್ಲವಂತೆ. ಆದರೆ ಶಾಲೆಯ ವಾದ್ಯಮೇಳದಲ್ಲಿ ಅವನು ಟ್ರಾಂಬೋನ್ ಎಂಬ ಉದ್ದ ಕೊಳವಿಯ ವಾದ್ಯ ಊದುತ್ತಾನೆ. ಮುಂದಿನ ವರ್ಷ ಅವನಿಗೆ ಮೊದಲ ಕುರ್ಚಿ ಸಿಗಬಹುದು. "ಲೆಕ್ಕಕ್ಕೆ ಮಾತ್ರ ಕಾಲೇಜಿಗೆ ಹೋಗಬಹುದಾ, ತಾತ? ಹಾಗೂ ಬಿಡ್ತಾರೆ. ನಾನು ವಿಚಾರಿಸಿದೆ" ಎಂದ.

ಬಿಡುವುದಾದರೆ ನನ್ನದೇನೂ ಅಡ್ಡಿಯಿಲ್ಲ, ಅಪ್ಪ ಅಮ್ಮನಿಗೆ ನೀನೇ ಹೇಳು ಎಂದೆ. ಅವನು ಇಂಗ್ಲಿಷಿನಲ್ಲಿ ಏನೋ ಹೇಳಿದ್ದು, ಅವಳು ಏನೋ ಕೇಳಿದ್ದು ದೂರದಿಂದ ಕಿವಿಗೆ ಬಿತ್ತು. ಆಮೇಲೆ ನನ್ನ ಸೊಸೆ ಫೋನು ತೆಗೆದುಕೊಂಡಳು.

"ಹಾಗೆ ಮಾಡಿದರೆ ಎರಡು ವರ್ಷ ಉಳಿಯೋಲ್ಲ, ಮಾವ" ಎಂದಳು. ದನಿಯಲ್ಲಿ ನಿರಾಸೆಯಿತ್ತು. "ವರ್ಷಕ್ಕೆ ಎಂಟು ಹತ್ತು ಕ್ರೆಡಿಟ್ ಬಂದರೆ ಹೆಚ್ಚು."

"ಇನ್ನೂ ಮೇ ಮುಗಿದಿಲ್ಲವಲ್ಲಮ್ಮ" ಎಂದೆ. ಅರ್ಜಿಯ ಕಾಗದ ಮೇಜಿನ ಮೇಲೆಯೇ ಇದೆಯಂತೆ, ಸಹಿ ಆಗಿಲ್ಲ.